ಒಣಗಿದ ಡ್ರಮ್ಮಿನ ಕಪ್ಪು ಚುಕ್ಕಿಗಳು

ಮನೆಮನೆಗೆ ಹೋಗಿ ನಿಂತ ನೀರು ನೋಡುವುದು ನನ್ನ ಅತ್ತೆಯ ಕೆಲಸ. ಮುಚ್ಚಳ ಸರಿಸಿ, ಬಿಳಿ ಸೌಟಿನಲ್ಲಿ ನೀರು ಮೊಗೆದು ಸುಮ್ಮನೆ ಕಾಯುತ್ತಾರೆ. ಎಳೆ ಹುಳುಗಳು ತಲೆಕೆಳಗಾಗಿ ತೂಗುತ್ತ, ಮೈ ಬಳುಕಿಸುತ್ತ ಏರುತ್ತವೆ, ಇಳಿಯುತ್ತವೆ. ನೀರಿನ ಮೇಲಿನ ಬಿಸಿಲು ಗೋಡೆಗೆ ನೆಗೆದು ನಡುಗುತ್ತಿರುತ್ತದೆ. ಅತ್ತೆಗೆ ಹೊತ್ತೇ ಮರೆತುಹೋಗುತ್ತದೆ. ಇವೇ ಮುಂದೆ ಕಾಲಿಗೆ ಬಿಳಿ ಪಟ್ಟೆಯಿರುವ ಸೊಳ್ಳೆಗಳಾಗಿ, ಹಾಡುಹಗಲೇ ಕಚ್ಚಿ, ಡೆಂಗಿ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತವೆ.

ಹಿಂದಿನ ಬೀದಿಯ ಟೈಲರಕ್ಕ ಅತ್ತೆಯ ಇಪ್ಪತ್ತು ವರ್ಷದ ಗೆಳತಿ. ಅವರ ಹಿತ್ತಲ ಡ್ರಮ್ಮಿನಲ್ಲಿ ಹುಳು ಸಿಕ್ಕಾಗ ಅತ್ತೆ ಖಾಲಿ ಮಾಡಲು ಹೇಳಿದರು. ಮೂರು ವಾರ ಬಿಟ್ಟು ನೋಡಿದರೆ ಮತ್ತೆ ಹುಳು.

“ನೀನು ಚೆಲ್ಲೇ ಇಲ್ಲ ಅಲ್ವಾ?”

“ಚೆಲ್ಲಿದೀನಿ ಕಣೇ. ಹದಿನೈದು ದಿನ ಬೋರಲು ಹಾಕಿದ್ದೆ. ತುಂಬಿಸಿದ್ದೇ ಮೊನ್ನೆ.”

“ಹೌದೌದು. ಹುಳ ಬಸ್ಸು ಹತ್ಕೊಂಡು ಬಂದ್ವು.”

“ನಿನ್ನ ಕಣ್ಣಿಗೆ ಎಲ್ಲರೂ ಸುಳ್ಳರೇ ಬಿಡು.”

ಮಾತು ಕೇಳದ ಮನೆಯೆಂದು ಅತ್ತೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಟೈಲರಕ್ಕನ ಮಗಳು ಡೆಂಗಿಯಿಂದ ಆಸ್ಪತ್ರೆ ಸೇರಿದಳು. ಅತ್ತೆ ಹೋದಾಗ ಮನೆಗೆ ಬೀಗ. ಹಿತ್ತಲ ಗೇಟು ತೆರೆದಿತ್ತು. ಡ್ರಮ್ಮು ಒಣಗಿ ಮಲಗಿತ್ತು. ಅತ್ತೆ ಒಳಗೆ ಬಗ್ಗಿ ಟಾರ್ಚು ಬಿಟ್ಟರು. ನೀರು ನಿಂತಿದ್ದ ಗೆರೆಯ ಮೇಲೆ ಮಸಿಯ ಧೂಳಿನಂಥ ಚುಕ್ಕಿಗಳು. ಉಫ್ ಎಂದು ಊದಿದರೂ ಅಲುಗಲಿಲ್ಲ.

ಸೊಳ್ಳೆಯ ಮೊಟ್ಟೆಗಳು. ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ, ನೀರು ತಾಗಿದರೆ ಒಡೆದು ಹುಳುವಾಗುತ್ತವೆ. ‘ಖಾಲಿ ಮಾಡಿ, ಒಳಗೋಡೆ ಉಜ್ಜಿ’ ಎಂದು ಹೇಳಬೇಕಿತ್ತು. ದಿನಕ್ಕೆ ಐವತ್ತು ಮನೆ ಮುಗಿಸುವ ಅವಸರದಲ್ಲಿ ಅತ್ತೆಯ ಬಾಯಿಂದ ಎರಡನೆಯ ಮಾತು ಎಂದೋ ಬಿಟ್ಟುಹೋಗಿತ್ತು. ಯಾವ ಡ್ರಮ್ಮಿನ ಸೊಳ್ಳೆ ಕಚ್ಚಿತೋ ಯಾರಿಗೂ ಗೊತ್ತಿಲ್ಲ. ಅತ್ತೆಗೆ ಮಾತ್ರ ಆ ಯೋಚನೆ ಸಮಾಧಾನ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿ ಸೊಳ್ಳೆಪರದೆಯೊಳಗೆ, ಮಂಜಿನಾಚೆ ಇದ್ದಂತೆ, ನಿದ್ದೆಯಲ್ಲಿದ್ದಳು.

“ನೀನು ಚೆಲ್ಲಿದ್ದೆ,” ಎಂದರು ಅತ್ತೆ. “ಗೋಡೆ ಉಜ್ಜು ಅಂತ ನಾನೇ ಹೇಳಿರಲಿಲ್ಲ. ತಪ್ಪು ನಂದು.”

ಟೈಲರಕ್ಕ ಪರದೆ ಸರಿಸಿ ಮಗಳ ಹಣೆ ಮುಟ್ಟಿ ನೋಡಿದರು.

“ಜ್ವರ ಇಳಿದಿದೆ. ಆದ್ರೂ ಇನ್ನೆರಡು ದಿನ ಕಣ್ಣಿಟ್ಟು ನೋಡ್ಬೇಕಂತೆ,” ಎಂದು ಎದ್ದರು. “ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ನಾನು ಒಂದು ಗಳಿಗೆ ಆ ಬೆಂಚಲ್ಲಿ ಮಲಗ್ತೀನಿ. ನೀನು ಇವಳ ಹತ್ರ ಕೂತ್ಕೋ.”

ಅತ್ತೆ ಪರದೆಯೊಳಗೆ ಕೈ ತೂರಿಸಿ, ಹುಡುಗಿಯ ಬೆರಳು ಹಿಡಿದು ಕೂತರು.