ಜಾಲಿಕಟ್ಟೆಯ ದಾರಿ ತೋರಿದ ದೊಡ್ಡಮಾದಯ್ಯ

ಹರವೆಯಿಂದ ಗುಂಡ್ಲುಪೇಟೆಯ ಕಡೆಗೆ ಸಾಗಿದರೆ ಕರಿಬಸವಯ್ಯನವರ ನಾಲ್ಕು ಎಕರೆ ದ್ರಾಕ್ಷಿ ತೋಟ ಸಿಗುತ್ತಿತ್ತು. ವೈನ್ ತಯಾರಿಸುವವರು ಕೊಳ್ಳುವ ನೀಲಿ ದ್ರಾಕ್ಷಿ ಅದು. ಅಲ್ಲಿ ಹಕ್ಕಿ ಓಡಿಸುವ ಕೆಲಸಕ್ಕೆ ದೊಡ್ಡಮಾದಯ್ಯ ಸೇರಿದ್ದು ೧೯೮೭ರ ಡಿಸೆಂಬರ್ ೩ರಂದು. ಹತ್ತು ವರ್ಷಕ್ಕೂ ಹೆಚ್ಚು ದುಡಿದನೆಂದು ಆತನ ಹೆಂಡತಿ ಮೂಗಮ್ಮ ಹೇಳುವುದುಂಟು, ಅದು ಸರಿಯಲ್ಲ. ದುಡಿದದ್ದು ಎಂಟು ವರ್ಷ, ಎರಡು ತಿಂಗಳು, ಹದಿನೇಳು ದಿನ.

ಚಳಿಗಾಲದಲ್ಲಿ ಗುಲಾಬಿ ಮೈಯ ಕಬ್ಬಕ್ಕಿಗಳು ಸಾವಿರಗಟ್ಟಲೆ ಬಂದು ತೋಟಕ್ಕೆ ಇಳಿಯುತ್ತಿದ್ದವು. ದೊಡ್ಡಮಾದಯ್ಯ ಅಟ್ಟಣೆಯ ಮೇಲೆ ನಿಂತು ಕೂಗುತ್ತಾ ಕವಣೆ ಬೀಸುತ್ತಿದ್ದ. ಕವಣೆಗೆ ಕಲ್ಲು ಹಾಕುತ್ತಿರಲಿಲ್ಲ. ನೆರಳಲ್ಲಿ ಒಣಗಿಸಿದ ಮಣ್ಣಿನ ಉಂಡೆ ಹಾಕುತ್ತಿದ್ದ. ಅದು ಸದ್ದು ಮಾಡಿ ಒಡೆಯುತ್ತದೆ, ಕೊಲ್ಲುವುದಿಲ್ಲ. ಸಂಜೆ ಆ ಹಕ್ಕಿಗಳು ಎಲ್ಲಿ ತಂಗುತ್ತವೆಂಬುದು ಆತನೊಬ್ಬನಿಗೇ ಗೊತ್ತಿತ್ತು.

ನಿವೃತ್ತ ಉಪಾಧ್ಯಾಯನಾದ ನಾನು ಚಾಮರಾಜನಗರದಿಂದ ಭಾನುವಾರಗಳಂದು ದುರ್ಬೀನು ಹಿಡಿದು ಹೋಗುತ್ತಿದ್ದೆ. ಒಂದು ವರ್ಷ ಸತಾಯಿಸಿದ ಮೇಲೆ, ೧೯೯೪ರ ಡಿಸೆಂಬರ್ ೧೧ರಂದು, ಆತ ನನ್ನನ್ನು ಜಾಲಿಕಟ್ಟೆಗೆ ಕರೆದೊಯ್ದ. ನೀರಿನ ಅಂಚಿನಲ್ಲಿ ಇಪ್ಪತ್ತಮೂರು ಜಾಲಿಮರಗಳು. ಕೊಂಬೆ ಕಾಣದಷ್ಟು ಹಕ್ಕಿ.

"ಯಾರ್ಗೂ ಏಳ್ಬೇಡಿ ಮೇಷ್ಟ್ರೇ. ತೋಟ್ದಲ್ಲಿ ಇವು ಕಳ್ರು, ಬೈತೀನಿ. ಇಲ್ಲಿ ಮನಿಕ್ಕಂಡವೆ. ಮನಿಕ್ಕಂಡೋರ್ ಮೇಲೆ ಕೈ ಎತ್ತಾರಾ?"

ನಾನು ಮಾತು ಕೊಟ್ಟೆ. ಅಭ್ಯಾಸಬಲದಿಂದ ಮರಗಳ ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಆತ ನಗುತ್ತಾ, "ಮರುಕ್ಕೂ ಮಾರ್ಕ್ಸ್ ಕೊಡ್ತೀರಾ?" ಎಂದ.

೧೯೯೬ರ ಫೆಬ್ರವರಿ ೧೮, ಭಾನುವಾರ, ಕರಿಬಸವಯ್ಯನವರು ಇಬ್ಬರು ಅಪರಿಚಿತರನ್ನು ಕರೆತಂದರು. ಇಬ್ಬರ ಕೊರಳಲ್ಲೂ ದುರ್ಬೀನು.

"ಮೈಸೂರಿಂದ ಹಕ್ಕಿ ನೋಡಕ್ ಬಂದವ್ರೆ ಕಣ್ಲಾ ಮಾದ. ನಿನ್ ಮೇಷ್ಟ್ರ ಥರವೇ. ಅವು ಮನಿಕ್ಕಳೋ ಮರಗೋಳ್ ತೋರ್ಸು."

ಎಂಟು ವರ್ಷ ಅನ್ನ ಕೊಟ್ಟ ಧಣಿ. ಆತ ತೋರಿಸಿದ. ಬಂದವರು ಹಕ್ಕಿಗಳು ಇಳಿಯುವ ಹೊತ್ತಿನಲ್ಲೂ ದುರ್ಬೀನನ್ನು ಕಣ್ಣಿಗೆ ಏರಿಸಲಿಲ್ಲ; ಒಬ್ಬ ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದ, ಇನ್ನೊಬ್ಬ ಬರೆದುಕೊಂಡ. ದೊಡ್ಡಮಾದಯ್ಯನಿಗೆ ಅನುಮಾನ ಬರಲಿಲ್ಲ. ಹಕ್ಕಿ ನೋಡುವವರು ಮರ ಅಳೆಯುತ್ತಾರೆಂದು ನನ್ನಿಂದಲೇ ಆತ ಕಲಿತಿದ್ದ.

ಫೆಬ್ರವರಿ ೨೦ರ ಬೆಳಿಗ್ಗೆ ಆತ ಕವಣೆಯೊಂದಿಗೆ ಅಟ್ಟಣೆ ಹತ್ತಿ ಕಾದ. ಎಂಟು ಗಂಟೆಯಾದರೂ ಒಂದು ಹಕ್ಕಿಯೂ ಬರಲಿಲ್ಲ. ಜಾಲಿಕಟ್ಟೆಗೆ ಓಡಿದ. ಮರದಿಂದ ಮರಕ್ಕೆ ಕಟ್ಟಿದ್ದ ಬಲೆಯ ಹರಿದ ತುಂಡುಗಳು ಇನ್ನೂ ನೇತಾಡುತ್ತಿದ್ದವು. ಕೆಳಗೆ ಗುಲಾಬಿ ಬಣ್ಣದ ಪುಕ್ಕ, ಗೋಣಿಚೀಲ ಎಳೆದ ಗುರುತು, ಜೀಪಿನ ಗಾಲಿಯ ಗುರುತು.

ಕರಿಬಸವಯ್ಯನವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ನೋಡಕ್ ಬಂದವ್ರೆ ಅಂದ್ರಲ್ಲಾ ಬುದ್ದಿ?"

"ನೋಡುದ್ರಲ್ಲ! ಇಡ್ಕೊಂಡೂ ಓದ್ರು. ಅದುಕ್ಯಾಕ್ಲಾ ಮಕ ಇಳೇಬುಟ್ಟಿದ್ದೀಯೆ? ನಿಂಗೂ ಇನ್ ಕೂಗೋ ಕೆಲ್ಸ ತಪ್ತು."

"ನನ್ ಕೈಲೇ ತೋರುಸ್ಬುಟ್ರಲ್ಲ."

"ಇನ್ಯಾರ್ ಕೈಲಿ ತೋರುಸ್ಲಿ? ಗೊತ್ತಿದ್ದೋನು ನೀನೊಬ್ಬನೇ."

ಆತ ಕವಣೆಯನ್ನು ಅವರ ಜಗಲಿಯ ಮೇಲಿಟ್ಟು ಮನೆಗೆ ಹೋದ. ಮೂಗಮ್ಮ, "ಆ ಧಣಿ ಬೆಲ್ಲ ಅಂದ್ರೆ ಬಾಯಿ ತಗೀತಿದ್ಯಲ್ಲ, ಈಗ ನುಂಗು," ಎಂದು ಹಂಗಿಸಿದಳಂತೆ. ಆ ತೋಟಕ್ಕೆ ಆತ ಮತ್ತೆ ಕಾಲಿಡಲಿಲ್ಲ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ.

೧೯೯೭ರ ಜನವರಿ ೧೨ರಂದು ನಾನು ಅಲ್ಲಿಗೆ ಹೋದೆ. ತಪ್ಪಿಸಿಕೊಂಡು ಉಳಿದ ಹಕ್ಕಿಗಳು ಬೇರೆಲ್ಲೋ ತಂಗುತ್ತಿವೆಯೆಂದೂ, ಅದು ದೊಡ್ಡಮಾದಯ್ಯನಿಗೆ ತಿಳಿದಿದೆಯೆಂದೂ ಕೇಳಿದ್ದೆ. ಎಲ್ಲಿ ಎಂದು ವಿಚಾರಿಸಿದೆ. ಆತ ನನ್ನ ಮುಖ ನೋಡಲಿಲ್ಲ. ಕೊರಳಿನ ದುರ್ಬೀನನ್ನು ನೋಡಿದ.

"ಮದ್ದೂರ್ ಕಾಡ್ಗೆ ಓಗಿ ಮೇಷ್ಟ್ರೇ. ಒಳುಕ್ಕೆ ಓದ್ರೆ ಸಿಕ್ತವೆ."

ಕಬ್ಬಕ್ಕಿ ದಟ್ಟ ಕಾಡಿನಲ್ಲಿ ತಂಗುವ ಹಕ್ಕಿಯಲ್ಲ. ಅದು ನನಗೆ ಗೊತ್ತಿದೆ ಎಂಬುದೂ ಆತನಿಗೆ ಗೊತ್ತಿತ್ತು. ನನ್ನ ಮಾತನ್ನು ನಾನು ಮುರಿದಿಲ್ಲ ಎನ್ನಬೇಕೆಂದಿದ್ದೆ. ಅದರ ಬದಲು "ಆಗಲಿ ಮಾದಯ್ಯ," ಎಂದು ಹೇಳಿ ಎದುರಿಗೇ ನಿಂತಿದ್ದ ಮೂರು ಇಪ್ಪತ್ತರ ಮದ್ದೂರು ಬಸ್ಸು ಹತ್ತಿ ಕುಳಿತೆ. ಬಸ್ಸು ಹೊರಡುವವರೆಗೂ ಆತ ಮಂಡಿಯ ಬಾಗಿಲಲ್ಲಿ ನಿಂತು, ನಾನು ಇಳಿದು ಹಕ್ಕಿಗಳನ್ನು ಹುಡುಕಿ ಹೊರಟುಬಿಡುವೆನೇನೋ ಎಂದು ಕಾಯುತ್ತಿದ್ದ.