ಆಲ್ಫೋನ್ಸರ ಗೇಟಿನ ನೆರೆಕಂಬ

ಯಾರಾದರೂ ಹೌದೆಂದರೆ ಅಲ್ಲವೆನ್ನಬೇಕು, ಅಲ್ಲವೆಂದರೆ ಹೌದೆನ್ನಬೇಕು. ಕಲ್ಯಾಣಪುರದ ಆಲ್ಫೋನ್ಸರ ಹುಟ್ಟುಗುಣವದು. ಕುವೈತಿನಲ್ಲಿ ಏಸಿ ರಿಪೇರಿ ಮಾಡಿ ಊರಿಗೆ ಮರಳಿದವರು, ಸ್ವರ್ಣಾ ನದಿಯ ದಡದ ಮನೆಯಲ್ಲಿದ್ದುಕೊಂಡು ಪ್ರತಿ ಗ್ರಾಮಸಭೆಗೂ ಹೋಗಿ ತಕರಾರು ತೆಗೆದು ಗಂಟಲು ಸರಿಮಾಡಿಕೊಂಡು ಬರುತ್ತಿದ್ದರು.

ಮುಂದಿನ ಐವತ್ತು ವರ್ಷಗಳಲ್ಲಿ ನೆರೆ ಎಲ್ಲಿಯವರೆಗೆ ಏರಬಹುದು, ಯಾವ ಜಾಗ ನೀರಿಗೆ ಬಿಡಬೇಕು ಎಂದು ಯೋಜನೆ ಹಾಕಲು ಮಣಿಪಾಲದಿಂದ ಇಂಜಿನಿಯರ್ ನವ್ಯಶ್ರೀ ಬಂದರು. ಹಳೆಯ ನೆರೆಯ ಮಟ್ಟಕ್ಕೆ ಕೆಂಪು ಗೆರೆ ಎಳೆದ ಕಂಬವನ್ನು ಆಲ್ಫೋನ್ಸರ ಗೇಟಿನ ಪಕ್ಕ ನೆಡಿಸಿ, "ಅಂಕಲ್, ಮನೆಯೆದುರಿನ ನಿಮ್ಮ ತಗ್ಗು ಬೈಲುಗದ್ದೆಗೆ ಮಣ್ಣು ತುಂಬಿಸಬೇಡಿ, ನೆರೆನೀರು ಹರಡಲು ಅದು ಬೇಕು" ಎಂದರು.

"ನೆರೆಯಾ? ನದಿ ನನ್ನ ಅಂಗಳಕ್ಕೆ ಇಣುಕಿಯೂ ನೋಡಿದ್ದಿಲ್ಲ!"

ಹಿಂದೆ ನಿಂತಿದ್ದ ಹೆಂಡತಿ ಪ್ಯಾಟ್ರಿಶಿಯಾ ಕೆಮ್ಮಿದರು.

ಆಲ್ಫೋನ್ಸರಿಗೆ ಕಾರಣವಿತ್ತು. ಆ ಗದ್ದೆ ತುಂಬಿಸಿ ಬಾಡಿಗೆ ಕೋಣೆ ಕಟ್ಟಿಸುವ ಆಸೆ ಒಂದು. ಮಗಳು ಜೆನಿಟಾಳನ್ನು ನೋಡಲು ಕಾರ್ಕಳದ ರೊಸಾರಿಯೊ ತಮ್ಮ ಮಗ ಕಾರ್ಲ್ಟನ್ ಜೊತೆ ಬರುವವರಿದ್ದರು, ಅದಿನ್ನೊಂದು. ಮುಳುಗುವ ಮನೆಯ ಸಂಬಂಧ ಯಾರಿಗೆ ಬೇಕು? ಅವರು ಬರುವ ಭಾನುವಾರ ಕೆಂಪು ಗೆರೆಗೆ ಅಡ್ಡವಾಗಿ ದೊಡ್ಡದೊಂದು ಕ್ರಿಸ್ಮಸ್ ನಕ್ಷತ್ರ ತೂಗಿತು.

"ಮೇ ತಿಂಗಳಲ್ಲಿ ನಕ್ಷತ್ರವಾ?" ಕಾರಿಳಿದ ರೊಸಾರಿಯೊ ಕೇಳಿದರು. ಅಷ್ಟರಲ್ಲಿ ಗಾಳಿ ಬೀಸಿ ನಕ್ಷತ್ರ ಪಕ್ಕಕ್ಕೆ ಸರಿಯಿತು. ಕಾರ್ಕಳದಲ್ಲಿ ಬಂಡೆಯ ಮೇಲೆ ಮನೆ ಕಟ್ಟಿಕೊಂಡಿದ್ದ ಆ ಮನುಷ್ಯ ಗೆರೆಯನ್ನು ತನ್ನ ಕುತ್ತಿಗೆಯ ಮಟ್ಟಕ್ಕೆ ಹೋಲಿಸಿ ನೋಡಿ ನಕ್ಕುಬಿಟ್ಟರು. "ಸುಮ್ಮನೆ ಎಂತದೋ ಬರೆದಿದ್ದಾರೆ ಮಾರಾಯ್ರೇ. ನಿಮ್ಮ ಈ ಸಣ್ಣ ತೋಡಿಗೆ ಅಷ್ಟು ತಾಕತ್ತು ಎಲ್ಲಿ ಉಂಟು?"

ಹೌದು ಎಂದಿದ್ದರೆ ಸಾಕಿತ್ತು. ಆದರೆ ಆ ಶಬ್ದ ಆಲ್ಫೋನ್ಸರ ಬಾಯಿಗೆ ಒಗ್ಗಿದ್ದಲ್ಲ.

"ತೋಡಾ? ನಮ್ಮ ಸ್ವರ್ಣಾ ತೋಡಾ? ರೀ, ಹಿಂದಿನ ನೆರೆಗೆ ನಾನು ಕಪಾಟಿನ ಮೇಲೆ ಹತ್ತಿ ಕೂತಿದ್ದೆ! ದೋಣಿ ನಮ್ಮ ಕಿಟಕಿಗೇ ಬಂದಿತ್ತು! ನೀರು ಬಂದದ್ದಕ್ಕಿಂತ ಆ ಗೆರೆಯೇ ನಾಲ್ಕು ಬೆರಳು ಕೆಳಗೆ ಉಂಟು!"

ಜಗಲಿಯಲ್ಲಿದ್ದ ಜೆನಿಟಾ ಹಣೆ ಚಚ್ಚಿಕೊಂಡಳು.

"ಕಪಾಟಿನ ಮೇಲೆ ಒಬ್ಬರೇ ಇದ್ರಾ, ಅಂಕಲ್?" ಕಾರ್ಲ್ಟನ್ ಮೆಲ್ಲಗೆ ಕೇಳಿದ.

"ಹುಂಜವೂ ಇತ್ತು," ಪ್ಯಾಟ್ರಿಶಿಯಾ ಹೇಳಿದರು. "ಅದಕ್ಕಾದರೂ ಸುಮ್ಮನಿರಲು ಗೊತ್ತಿತ್ತು."

ಮೊದಲು ನಕ್ಕವಳು ಜೆನಿಟಾ. ಆಮೇಲೆ ಕಾರ್ಲ್ಟನ್‌ಗೆ ತಡೆಯಲಾಗಲಿಲ್ಲ. ಇಬ್ಬರೂ ಹಾಗೆ ನಗುವುದನ್ನು ನೋಡಿ ರೊಸಾರಿಯೊ, "ಆಯಿತು, ಮದುವೆ ಮಾತ್ರ ಮಳೆಗಾಲದಲ್ಲಿ ಬೇಡ" ಎಂದರು. ಜನವರಿಯಲ್ಲಿ ಮದುವೆ ನಡೆಯಿತು.

ಆಲ್ಫೋನ್ಸರು ಮುಂದಿನ ಗ್ರಾಮಸಭೆಗೆ ಹೋದದ್ದು ಗೆರೆ ಏರಿಸಬೇಕೆಂಬ ತಕರಾರಿನೊಂದಿಗೆ. ಮೀನು ಕೊಳ್ಳುವವರ ಹಾಗೆ ನವ್ಯಶ್ರೀಯೊಂದಿಗೆ ಚೌಕಾಸಿ ಮಾಡಿ ಎರಡು ಬೆರಳು ಏರಿಸಿಯೇ ಬಿಟ್ಟರು. ಆಗ ಯಾರೋ ಎದ್ದು, ಬೈಲುಗದ್ದೆಗೆ ಮಣ್ಣು ತುಂಬಿಸಿದರೆ ಏನೂ ಆಗುವುದಿಲ್ಲ ಎಂದರು. "ಏನೂ ಆಗುವುದಿಲ್ಲವಾ? ಮತ್ತೆ ನೀರು ಎಲ್ಲಿ ಹೋಗುವುದು, ನಿಮ್ಮ ತಲೆ ಮೇಲಾ?" ಎಂದು ಆಲ್ಫೋನ್ಸರು ಗುಡುಗಿದರು. ಮನೆಗೆ ಬಂದ ಮೇಲಷ್ಟೇ ತಮ್ಮ ಬಾಡಿಗೆ ಕೋಣೆಗಳ ನೆನಪಾಯಿತು. ಆಡಿದ ಮಾತು ನುಂಗುವಂತಿರಲಿಲ್ಲ. ಗದ್ದೆ ಗದ್ದೆಯಾಗಿಯೇ ಉಳಿಯಿತು.

ಮರುವರ್ಷದ ಮಳೆಗೆ ನೀರು ಆ ಗದ್ದೆಯಲ್ಲೆಲ್ಲ ಹರಡಿ, ಮನೆಯ ಮೆಟ್ಟಿಲು ಮುಟ್ಟಿ, ಮರುದಿನ ಬೆಳಿಗ್ಗೆ ಇಳಿಯತೊಡಗಿತು. ಯೋಜನೆಯ ಪ್ರಕಾರ ನೆರೆಬಂದಾಗ ಆಶ್ರಯವಾದ ಗುಡ್ಡದ ಶಾಲೆಗೆ ಹೋಗಲು ಗಂಟುಮೂಟೆ ಕಟ್ಟಿದ್ದ ಪ್ಯಾಟ್ರಿಶಿಯಾ, "ಇನ್ನು ಹೋಗುವುದು ಬೇಡ" ಎಂದರು.

"ಯಾರು ಹೇಳಿದ್ದು ಬೇಡ ಅಂತ?" ಆಲ್ಫೋನ್ಸರು ಚಾಪೆ ಸುತ್ತಿ ಬಗಲಿಗಿಟ್ಟುಕೊಂಡು, ಕೊಡೆ ಬಿಡಿಸಿ, ಒಬ್ಬರೇ ಗುಡ್ಡ ಹತ್ತಿದರು. ಶಾಲೆಯಲ್ಲಿ ಪಾಠ ನಡೆಯುತ್ತಿತ್ತು. ಟೀಚರ್ ಅವರನ್ನೂ ಚಾಪೆಯನ್ನೂ ನೋಡಿ, ಹಿಂದಿನ ಬೆಂಚು ತೋರಿಸಿದರು.