ಹಂಚಿನಿಂದ ತಟ್ಟೆಗೆ

ತಾರ್ನಾಕದ ನಮ್ಮ ಮನೆಗೆ ಮೈಕ್ರೋವೇವ್ ಒಮ್ಮೆ ಬಂದಿತ್ತು. ಆದರೆ ಅದು ರಟ್ಟಿನ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅದಿಲ್ಲದೆ ಇಪ್ಪತ್ತೆಂಟು ವರ್ಷ ಅಡಿಗೆ ಮಾಡಿದ್ದೇನೆ, ಯಾರೂ ಹಸಿದು ಮಲಗಲಿಲ್ಲ. ಉಳಿದ ಅನ್ನಕ್ಕೆ ನೀರು ಚಿಮುಕಿಸಿ ಇಡ್ಲಿ ಪಾತ್ರೆಯ ಹಬೆಯಲ್ಲಿಟ್ಟರೆ ಆಗಷ್ಟೇ ಮಾಡಿದ ಹಾಗಿರುತ್ತದೆ. ನಿನ್ನೆಯ ಸಾರು ಸಣ್ಣ ಉರಿಯಲ್ಲಿ ಕುದಿದರೆ ಇವತ್ತು ಇನ್ನೂ ರುಚಿ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಒಲೆಯ ಮುಂದೆ ನಿಲ್ಲಲು ಒಬ್ಬ ಹೆಂಗಸು ಬೇಕು, ಅಷ್ಟೇ. ಆ ಹೆಂಗಸು ನಾನು.

ರೊಟ್ಟಿಯ ಮಾತು ಬೇರೆ. ನಮ್ಮದು ರಾಯಚೂರು ಕಡೆಯ ಮನೆತನ. ಮಾವನವರ ಕಾಲದಿಂದ ಸರಕಾರಿ ನೌಕರಿ ಎಂದು ಹೈದರಾಬಾದಿನಲ್ಲೇ ಇದ್ದೇವೆ. ಬೀದಿಯಲ್ಲಿ ತೆಲುಗು, ಹಿಂದಿ ಏನೇ ಆಡಲಿ, ಊಟಕ್ಕೆ ಕೂತರೆ ಜೋಳದ ರೊಟ್ಟಿ ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳಬೇಕು. ಉಣ್ಣುವವರು ಕೂತಿರುತ್ತಾರೆ, ಬಡಿಯುವವಳು ನಿಂತಿರುತ್ತಾಳೆ. ಒಂದು ರೊಟ್ಟಿ ತಟ್ಟೆಯಲ್ಲಿ, ಒಂದು ಹಂಚಿನ ಮೇಲೆ, ಇನ್ನೊಂದು ಕೈ ಕೆಳಗೆ. ತಟ್ಟೆ ಖಾಲಿಯಾಗುತ್ತಿದ್ದಂತೆ ನನ್ನ ಗಂಡ ತಲೆಯೆತ್ತದೆ ಒಂದೇ ಮಾತು ಹೇಳುತ್ತಿದ್ದರು.

"ಬರಲಿ."

ನಾನೂ ದಿನವಿಡೀ ಕಚೇರಿಯಲ್ಲಿ ಫೈಲುಗಳ ಜೊತೆ ಗುದ್ದಾಡಿ ಬಂದವಳೇ. ಅವರಿಗಿಂತ ಅರ್ಧ ಗಂಟೆ ಮೊದಲು ಬರುತ್ತಿದ್ದೆ ಎಂಬುದೊಂದೇ ವ್ಯತ್ಯಾಸ. ಅವರು ಕೈ ತೊಳೆದೆದ್ದ ಮೇಲೆ ನನ್ನ ಪಾಲಿಗೆ ಇರುತ್ತಿದ್ದದ್ದು ಅಂಚು ಹರಿದ, ಉಬ್ಬದ, ಆರಿದ ರೊಟ್ಟಿಗಳು. ನನಗಾಗಿ ಮತ್ತೆ ಹಂಚು ಕಾಯಿಸುವಷ್ಟು ಜೀವ ಉಳಿದಿರುತ್ತಿರಲಿಲ್ಲ. ಅಡಿಗೆಮನೆಯ ನೆಲದ ಮೇಲೆ ಕೂತು ಅವನ್ನೇ ಪಲ್ಯದಲ್ಲಿ ಒರೆಸಿಕೊಂಡು ತಿನ್ನುತ್ತಿದ್ದೆ.

ಒಮ್ಮೆ ಮೈ ಸುಡುವ ಜ್ವರ. ರೊಟ್ಟಿಗಳನ್ನೆಲ್ಲ ಮೊದಲೇ ಬೇಯಿಸಿ ಬಟ್ಟೆಯಲ್ಲಿ ಸುತ್ತಿಟ್ಟು ಮಲಗಿದ್ದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟು ತಟ್ಟೆ ದೂರ ಸರಿಸಿದರು. "ಚರ್ಮ ಇದ್ದಂಗ ಐತಿ. ಇದನ್ನ ಯಾರ ತಿಂತಾರ?"

ಎದ್ದು ಮತ್ತೆ ಎಸರಿಟ್ಟೆ, ಹಿಟ್ಟು ನಾದಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿದೆ. ಅವತ್ತು ರೊಟ್ಟಿಗಳು ಎಂದಿಗಿಂತ ಚೆನ್ನಾಗಿ ಉಬ್ಬಿದವು, ಅವರು ಹೊಗಳಿ ಉಂಡರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಆಗ ಹತ್ತು ವರ್ಷದವಳು. ಮರುದಿನ ನಾನು ನೆಲದ ಮೇಲೆ ಕೂತು ಉಣ್ಣುವಾಗ ಪಕ್ಕ ಬಂದು ಕೂತಳು.

"ಅವ್ವಾ, ನಿನಗ ಬಿಸಿ ರೊಟ್ಟಿ ಸೇರಂಗಿಲ್ಲೇನು?"

"ಸೇರತೈತಿ. ಕೊಡಾವರು ಯಾರು?" ಎಂದೆ. ಮಕ್ಕಳ ಮುಂದೆ ಆಡಬಾರದ ಮಾತು ಅದು. ನಾನು ಆಡಿ ಮರೆತೆ. ಅವಳು ಮರೆಯಲಿಲ್ಲ.

ಕೆಲಸಕ್ಕೆ ಸೇರಿದ ವರ್ಷವೇ ಆ ಮೈಕ್ರೋವೇವ್ ತಂದವಳು ಅವಳೇ. "ಅವ್ವಾ, ಒಮ್ಮೆಲೇ ಮಾಡಿಟ್ಟಬಿಡು. ಮೂರೂ ಮಂದಿ ಕೂಡಿ ಕುಂದರೂಣು. ಬೇಕಾದಾಗ ಒಂದೊಂದ ಬಿಸಿ ಮಾಡ್ಕೊಂಡ್ರ ಆತು" ಎಂದಳು. ಅವಳ ಅಪ್ಪ ಪೆಟ್ಟಿಗೆಯನ್ನು ಬಿಚ್ಚಲೂ ಬಿಡಲಿಲ್ಲ. "ಆ ಡಬ್ಬಿ ಊಟ ನನಗ ಬ್ಯಾಡ. ನಿಮ್ಮವ್ವನ ಕೈ ಇನ್ನೂ ಗಟ್ಟಿ ಅದಾವ" ಎಂದರು, ನನ್ನನ್ನು ಹೊಗಳುವವರ ಹಾಗೆ. ಮಗಳು ನನ್ನ ಮುಖ ನೋಡಿದಳು. ನನಗೆ ಬೇಕು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಆರು ತಿಂಗಳು ಅಲಮಾರಿನ ಮೇಲೆ ಧೂಳು ತಿಂದ ಪೆಟ್ಟಿಗೆಯನ್ನು ಅವಳು ಮಣಿಕೊಂಡದಲ್ಲಿ ಬೇರೆ ಮನೆ ಮಾಡಿದಾಗ ತೆಗೆದುಕೊಂಡು ಹೋದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನನ್ನ ಮೇಲೆ, ಅದು ನನಗೆ ಗೊತ್ತಿತ್ತು.

ಹೋದ ವರ್ಷ ಒಂದು ಭಾನುವಾರ ನನ್ನ ಗಂಡ ಮದುವೆಯೊಂದಕ್ಕೆಂದು ಊರಿಗೆ ಹೋಗಿದ್ದರು. ಮಗಳು ಫೋನು ಮಾಡಿ, "ಊಟಕ್ಕ ಬಾ ಅವ್ವಾ. ಏನೂ ಮಾಡ್ಕೊಂಡು ಬರಬ್ಯಾಡ" ಎಂದಳು. ಕೇಳುವವಳೇ ನಾನು? ಬೆಳಿಗ್ಗೆ ಎದ್ದು ಎಂಟು ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಆಟೋ ಹತ್ತಿದೆ.

ಅವಳು ಬದನೆಕಾಯಿ ಪಲ್ಯ ಮಾಡಿದ್ದಳು. ಡಬ್ಬಿ ನೋಡಿ ಬೈದಳು, ನಕ್ಕಳು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ನನ್ನನ್ನು ಭುಜ ಹಿಡಿದು ಕೂರಿಸಿದಳು. ಒಂದು ರೊಟ್ಟಿಗೆ ನೀರು ಸವರಿ ಆ ಮೈಕ್ರೋವೇವಿನಲ್ಲಿಟ್ಟಳು. ಅದು ಕೂಗಿದ ಮೇಲೆ ತೆಗೆದು, ಬೆರಳು ಸುಡುತ್ತಿದ್ದರೂ ಕೈಯಿಂದಲೇ ಹಿಡಿದು ತಂದು ನನ್ನ ತಟ್ಟೆಗೆ ಹಾಕಿದಳು. ಎರಡನೆಯದನ್ನು ಬಿಸಿ ಮಾಡಿ ತನ್ನ ತಟ್ಟೆಗೆ ಹಾಕಿಕೊಂಡು ಎದುರಿಗೆ ಕೂತಳು.

"ನೀ ಮೊದಲ ತಿನ್ನು, ಅವ್ವಾ."

ಅಷ್ಟು ವರ್ಷದಿಂದ ನಾನು ಬಯಸಿದ್ದು ಇದನ್ನೇ. ಒಂದು ಚೂರು ಮುರಿಯಲು ಹೋದೆ, ಅದು ಮುರಿಯಲಿಲ್ಲ, ಎಳೆಯಬೇಕಾಯಿತು. ಬಾಯಿಗಿಟ್ಟೆ. ಯೋಚಿಸುವ ಮೊದಲೇ ಮಾತು ಹೊರಬಿತ್ತು.

"ಚರ್ಮ ಇದ್ದಂಗ ಐತಿ. ಇದನ್ನ ಯಾರ ತಿಂತಾರ?"

ಅದು ಅವರ ಮಾತು. ಜ್ವರದ ದಿನ ನನಗೆ ಅಂದ ಮಾತು, ಒಂದಕ್ಷರ ಆಚೀಚೆ ಆಗಲಿಲ್ಲ. ಮಗಳೂ ಅದನ್ನು ಗುರುತಿಸಿದಳು, ಅವಳ ಮುಖದಲ್ಲೇ ಕಾಣಿಸಿತು. ನಾಲಿಗೆ ಕಚ್ಚಿಕೊಂಡು, "ಇರಲಿ ಬಿಡು, ಚಲೋ ಐತಿ" ಎಂದೆ. ಅವಳು ಎದ್ದು ನನ್ನ ತಟ್ಟೆಯಿಂದ ಆ ರೊಟ್ಟಿ ತೆಗೆದಳು, ಒಲೆ ಹಚ್ಚಿದಳು, ಹಂಚಿಟ್ಟಳು.

ಡಬ್ಬಿಯಿಂದ ಒಂದೊಂದೇ ತೆಗೆದು, ಎರಡೂ ಬದಿ ಕಾಯಿಸಿ, ನನ್ನ ತಟ್ಟೆಗೆ ತಂದು ಹಾಕತೊಡಗಿದಳು. ಬಾ ಕೂಡು ಎಂದು ಎರಡು ಸಲ ಕರೆದೆ. "ನೀ ಉಣ್ಣವ್ವಾ" ಎಂದಳು, ತಿರುಗಿ ನೋಡದೆ. ನಾನು ಕೂತಿದ್ದೆ, ನನ್ನ ಮಗಳು ನಿಂತಿದ್ದಳು.

ಮೂರು ತಿಂದೆ. ಬಿಸಿಯಾಗಿದ್ದವು, ಮೆತ್ತಗಿದ್ದವು. ಎದುರಿನ ತಟ್ಟೆಯಲ್ಲಿ ಅವಳ ರೊಟ್ಟಿ ಆರುತ್ತಿತ್ತು.